"ಕರುವಿನ ಕಾಲು ಕಾಣ್ತಿದೆ, ಎಳೆಯಲಾ ಡಾಕ್ಟ್ರೇ?"

ರಾತ್ರಿ ಹೊತ್ತು ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದೇ ಪ್ರಶ್ನೆಯವು. ಹಳ್ಳಿಯ ಪಶುವೈದ್ಯನಿಗೆ ಇದು ಮಾಮೂಲಿ. ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಎಷ್ಟು ಕಾಲು ಕಾಣುತ್ತಿದೆ? ಮುಂಗಾಲೋ ಹಿಂಗಾಲೋ? ನೀರಿನ ಚೀಲ ಒಡೆದು ಎಷ್ಟು ಹೊತ್ತಾಯಿತು? ಇವು ಗೊತ್ತಿಲ್ಲದಿದ್ದರೆ ಹಗ್ಗ ಮುಟ್ಟಬೇಡಿ.

ನಾನು ಕಂಡ ಹಾಗೆ ನಮ್ಮವರು ಎರಡು ಕೆಲಸವನ್ನು ಉಲ್ಟಾ ಮಾಡುತ್ತಾರೆ. ಎಳೆಯುವುದನ್ನು ಬೇಗ ಶುರು ಮಾಡುತ್ತಾರೆ, ಫೋನ್ ಮಾಡುವುದನ್ನು ತಡ ಮಾಡುತ್ತಾರೆ.

ಮೊದಲ ಕೆಲವು ಗಂಟೆ ಹಸು ಮೇವು ಬಿಡುತ್ತದೆ, ಎದ್ದು ಮಲಗಿ ಮಾಡುತ್ತದೆ, ಬಾಲ ಎತ್ತುತ್ತದೆ. ಆಗ ಗರ್ಭಕೋಶದ ಬಾಯಿ ಅಗಲವಾಗುತ್ತಿರುತ್ತದೆ. ಮೊದಲ ಸಲ ಕರು ಹಾಕುವ ಕಡಸಿಗೆ ಇದಕ್ಕೇ 12 ಗಂಟೆ ಹಿಡಿದರೂ ಹಿಡಿಯಬಹುದು. ಆಗ ಸುಮ್ನೆ ದೂರ ನಿಂತು ನೋಡಿ. ಬಾಯಿ ತೆರೆಯುವ ಮುಂಚೆ ಎಳೆದರೆ ಒಳಗೆ ಹರಿಯುತ್ತದೆ. ನೀರಿನ ಚೀಲ ಕಾಣಿಸಿದ ಮೇಲೆ ಮಾತ್ರ ಗಡಿಯಾರ ನೋಡಬೇಕು. ಜೋರಾಗಿ ಮುಕ್ಕುತ್ತಿದ್ದರೂ, ಅಂದರೆ ತಿಣುಕುತ್ತಿದ್ದರೂ, ಒಂದು ಗಂಟೆಯಲ್ಲಿ ಕರು ಮುಂದೆ ಬಂದಿಲ್ಲ ಅಂದರೆ ಫೋನ್ ಮಾಡಿ. ಹಗಲಾದರೆ ಸರ್ಕಾರದ ಪಶು ಸಹಾಯವಾಣಿ 1962ಕ್ಕೂ ಮಾಡಬಹುದು.

ಇನ್ನು ಯಾವ ಕಾಲು ಅನ್ನೋದು. ಕರು ಸರಿಯಾಗಿ ಬರುತ್ತಿದ್ದರೆ ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಇರುತ್ತದೆ. ಹಸು ನಿಂತಿದ್ದಾಗ ಗೊರಸಿನ ಅಡಿ ನೆಲದ ಕಡೆಗಿದ್ದರೆ ಸಾಮಾನ್ಯವಾಗಿ ಮುಂಗಾಲು. ಮೇಲಕ್ಕಿದ್ದರೆ ಹಿಂಗಾಲು, ಅಥವಾ ಕರು ಮಗುಚಿಕೊಂಡಿದೆ. ಸಂಶಯ ಬಂದರೆ ಕೀಲು ಮುಟ್ಟಿ ನೋಡಿ. ಮುಂಗಾಲಿನಲ್ಲಿ ಗೊರಸಿನ ಮೇಲಿನ ಕೀಲು, ಅದರ ಮೇಲಿನ ಮಂಡಿ ಎರಡೂ ಒಂದೇ ಕಡೆ ಮಡಚುತ್ತವೆ. ಹಿಂಗಾಲಿನಲ್ಲಿ ಒಂದು ಆ ಕಡೆ, ಒಂದು ಈ ಕಡೆ. ಕೈ ಹಾಕುವ ಮುಂಚೆ ಉಗುರು ಕತ್ತರಿಸಿ, ಸೋಪಿನಲ್ಲಿ ತೊಳೆದು, ಗ್ಲೌಸ್ ಹಾಕಿ. ಕಂದು ರೋಗ, ಅಂದರೆ ಬ್ರುಸೆಲ್ಲಾ, ಕರು ಹಾಕುವಾಗ ಬರುವ ನೀರಿನಿಂದ ಮನುಷ್ಯರಿಗೂ ಅಂಟುತ್ತದೆ.

ಎರಡು ಮುಂಗಾಲು, ಮೂತಿ ಎಲ್ಲ ಸರಿ ಇದ್ದು ಹಸು ಸುಸ್ತಾಗಿದ್ದರೆ ಎಳೆಯಬಹುದು. ಕೈಗೂ ದಾರಿಗೂ ಧಾರಾಳವಾಗಿ ಎಣ್ಣೆ ಸವರಿ. ಹಗ್ಗವನ್ನು ಗೊರಸಿನ ಮೇಲಿನ ಕೀಲಿಗಿಂತ ಮೇಲೆ ಕಟ್ಟಿ. ಹಸು ಮುಕ್ಕಿದಾಗ ಎಳೆಯಿರಿ, ಅದು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ಒಂದು ಕಾಲನ್ನು ಸ್ವಲ್ಪ, ಆಮೇಲೆ ಇನ್ನೊಂದನ್ನು ಸ್ವಲ್ಪ ಎಳೆದರೆ ಭುಜಗಳು ಒಂದೊಂದಾಗಿ ದಾಟುತ್ತವೆ. ತಲೆ ಹೊರಬಂದ ಮೇಲೆ ಹಸುವಿನ ಹಿಂಗಾಲಿನ ಕಡೆಗೆ, ಕೆಳಮುಖವಾಗಿ ಎಳೆಯಬೇಕು. ಇಬ್ಬರು ಮೂವರಿಗಿಂತ ಜಾಸ್ತಿ ಜನ ಬೇಕಾಯಿತು ಅಂದರೆ ಅದು ಎಳೆಯುವ ಕೇಸೇ ಅಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿದ್ದನ್ನೂ ನೋಡಿದ್ದೇನೆ. ಅದರ ಬಗ್ಗೆ ಬರೆಯಲು ಮನಸ್ಸಿಲ್ಲ.

ಒಂದೇ ಕಾಲು, ತಲೆ ಇಲ್ಲದೆ ಕಾಲು, ಬರೀ ಬಾಲ, ಹಿಂಗಾಲು: ಇವೆಲ್ಲಕ್ಕೂ ಡಾಕ್ಟರ್ ಬೇಕು. ಹಿಂದುಮುಂದಾಗಿ ಬರುವ ಕರುವಿನ ಹೊಕ್ಕುಳ ಬಳ್ಳಿ ತಲೆ ಒಳಗಿರುವಾಗಲೇ ಅದುಮಿ ಹೋಗುತ್ತದೆ, ಅಲ್ಲಿ ನಿಮಿಷಗಳ ಲೆಕ್ಕ. ಇನ್ನೂ ಮೋಸ ಮಾಡುವುದು ಗರ್ಭಕೋಶ ತಿರುಚಿಕೊಂಡ ಕೇಸು. ಎಮ್ಮೆಗಳಲ್ಲಿ ಇದು ಜಾಸ್ತಿ. ಇಡೀ ದಿನ ಚಡಪಡಿಸುತ್ತದೆ, ಆದರೆ ಚೀಲವೂ ಇಲ್ಲ, ಕಾಲೂ ಇಲ್ಲ. ಮನೆಯವರು "ಇನ್ನೂ ಟೈಮ್ ಇದೆ" ಅಂತ ಕಾಯುತ್ತಾರೆ. ತಿರುಚಿದ ಪಕ್ಕಕ್ಕೇ ಮಲಗಿಸಿ, ಹೊಟ್ಟೆ ಮೇಲೆ ಹಲಗೆ ಇಟ್ಟು ಒಬ್ಬರು ತುಳಿದು ನಿಂತು, ಅದೇ ದಿಕ್ಕಿಗೆ ಉರುಳಿಸಿದರೆ ಎಷ್ಟೋ ಸಲ ಬಿಚ್ಚಿಕೊಳ್ಳುತ್ತದೆ. ಯಾವ ಪಕ್ಕ ಅಂತ ಕೈ ಹಾಕಿ ನೋಡದೆ ಉರುಳಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ.

"ಒಂದು ಇಂಜೆಕ್ಷನ್ ಕೊಟ್ಟುಬಿಡಿ ಸಾರ್" ಅನ್ನುವವರೂ ಇದ್ದಾರೆ. ಆಕ್ಸಿಟೋಸಿನ್ ಗರ್ಭಕೋಶವನ್ನು ಜೋರಾಗಿ ಹಿಂಡುತ್ತದೆ. ಕರು ಅಡ್ಡ ಸಿಕ್ಕಿಕೊಂಡಿದ್ದರೆ ಗರ್ಭಕೋಶವೇ ಒಡೆಯಬಹುದು. ಮೂರ್ನಾಲ್ಕು ಕರು ಹಾಕಿದ ಹೆಚ್ಚು ಹಾಲಿನ ಹಸು ಮುಕ್ಕುತ್ತಲೇ ಇಲ್ಲ ಅಂದರೆ ಅದಕ್ಕೆ ಬೇಕಾಗಿರುವುದು ಬಹಳ ಸಲ ಕ್ಯಾಲ್ಸಿಯಂ.

ಹಾಗೆ ನೋಡಿದರೆ ಅರ್ಧ ತೊಂದರೆ ಒಂಬತ್ತು ತಿಂಗಳ ಹಿಂದೆಯೇ ಶುರುವಾಗಿರುತ್ತದೆ. ಹಾಲಿನ ಆಸೆಗೆ ಮಲೆನಾಡು ಗಿಡ್ಡಕ್ಕೋ ಸಣ್ಣ ಜರ್ಸಿ ಕಡಸಿಗೋ ಎಚ್ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಅನ್ನೋ ದೊಡ್ಡ ತಳಿಯ ವೀರ್ಯ ಕೊಡಿಸಿದರೆ ಆ ಸೊಂಟದಲ್ಲಿ ಅಷ್ಟು ದೊಡ್ಡ ಕರು ಹೇಗೆ ದಾಟಬೇಕು?

ಕರು ಬಿದ್ದ ತಕ್ಷಣ ಮೂಗು ಬಾಯಿಯ ಲೋಳೆ ತೆಗೆದು, ಅದರ ಎದೆ ನೆಲಕ್ಕೆ ತಾಗುವ ಹಾಗೆ ಕೂರಿಸಿ, ಒಣ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ. ಉಸಿರು ತಡವಾದರೆ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿ. ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. "ಕಸ ಬೀಳೋ ತನಕ ಹಾಲು ಕರೆಯಬಾರದು" ಅನ್ನುವ ಅಜ್ಜಿಯರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ಕಸ ಅಂದರೆ ಕರುವಿನ ಹಿಂದೆ ಬೀಳುವ ಮಾಸು. ಕರು ಕುಡಿಯಲು ಶುರು ಮಾಡಿದರೆ ಕಸ ಬೀಳುವುದಕ್ಕೂ ಅನುಕೂಲ. ನೇತಾಡುವ ಕಸಕ್ಕೆ ಹಳೇ ಚಪ್ಪಲಿ, ಇಟ್ಟಿಗೆ ಕಟ್ಟಬೇಡಿ. 12 ಗಂಟೆ ಕಳೆದರೂ ಬೀಳದಿದ್ದರೆ ಫೋನ್ ಮಾಡಿ. ಅದಕ್ಕೆ ಮಾತ್ರ ರಾತ್ರಿ ಎಬ್ಬಿಸಬೇಕಿಲ್ಲ, ಬೆಳಿಗ್ಗೆ ಮಾಡಿದರೂ ಆಗುತ್ತದೆ.