ಇನ್ನೂರು ಗಾಬ್ಲಿನ್‌ಗಳು ಬಂದರೆ ಏನು ಮಾಡೋದು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬರು ಕಥೆ ನಡೆಸುತ್ತಾ, ಉಳಿದವರು ಅದರ ಪಾತ್ರಗಳಾಗಿ ದಾಳ ಉರುಳಿಸುತ್ತಾ ಆಡುವ ಆಟ. ಅದನ್ನು ನಡೆಸಲು ಶುರು ಮಾಡಿದವರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. ಕಥೆ ದೊಡ್ಡ ಯುದ್ಧಕ್ಕೆ ಬಂದು ನಿಂತಿದೆ, ಕೋಟೆ ಮುಂದೆ 200 ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರಿದ್ದಾರೆ, ಇದನ್ನು ಟೇಬಲ್ ಮೇಲೆ ಆಡಿಸುವುದು ಹೇಗೆ?

ಆಡಿಸಬೇಡಿ. ಇನ್ನೂರನ್ನೂ ಅಂತೂ ಬೇಡವೇ ಬೇಡ.

ಸುಮ್ನೆ ಲೆಕ್ಕ ಹಾಕಿ ನೋಡಿ. ಒಂದು ಗಾಬ್ಲಿನ್‌ನ ಸರದಿಗೆ ಅರ್ಧ ನಿಮಿಷ ಹಿಡಿದರೂ ಎಲ್ಲರ ಸರದಿ ಒಮ್ಮೆ ಮುಗಿಯುವ ಒಂದು ರೌಂಡ್‌ಗೆ 100 ನಿಮಿಷ ಆಯಿತು, ಅಷ್ಟು ಹೊತ್ತಿಗೆ ಕಥೆಯಲ್ಲಿ ಕಳೆದಿರುವುದು ಬರೀ 6 ಸೆಕೆಂಡ್. ಆಟಗಾರರು ಫೋನ್ ತೆಗೆದಿರುತ್ತಾರೆ.

ತಮಾಷೆ ಅಂದರೆ ಈ ಆಟ ಹುಟ್ಟಿದ್ದೇ ಸೈನ್ಯಗಳ ಆಟದಿಂದ. 1971ರ ಚೈನ್‌ಮೇಲ್ ಎಂಬ ಯುದ್ಧದ ಆಟದ ಮುಖ್ಯ ನಿಯಮಗಳಲ್ಲಿ ಒಂದು ಗೊಂಬೆ ಎಂದರೆ 20 ಸೈನಿಕರು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಹೊಸ ಆಟದಲ್ಲಿ ಒಬ್ಬ ಆಟಗಾರನಿಗೆ ಒಂದೇ ಪಾತ್ರ. ಆ ಒಬ್ಬನಿಗಾಗಿ ಬೆಳೆದ ನಿಯಮಗಳಿಂದ ದಂಡು ನಡೆಸಲು ಹೋದರೆ ಒದ್ದಾಟವೇ ಅಲ್ವಾ?

ಹಾಗಾಗಿ ನಾನು ಯುದ್ಧವನ್ನು ಹಿಂದೆ ಬಿಟ್ಟು, ಆಟಗಾರರ ಮುಂದೆ ಎರಡು ಮೂರು ಕೆಲಸ ಇಡುತ್ತೇನೆ. ಸೇತುವೆ ಸುಡಬೇಕು, ಹೆಬ್ಬಾಗಿಲು ಮೂರು ರೌಂಡ್ ತಡೆಯಬೇಕು, ಶತ್ರು ಸೇನಾಪತಿಯನ್ನು ಕೆಡವಬೇಕು. ಎಲ್ಲದಕ್ಕೂ ಸಮಯ ಸಾಲಬಾರದು, ಯಾವುದನ್ನು ಬಿಡುವುದು ಅಂತ ಅವರೇ ಜಗಳ ಆಡಬೇಕು. ಬಿಟ್ಟದ್ದು ಕೆಟ್ಟು ಹೋಗಬೇಕು. ನಡುನಡುವೆ ಯುದ್ಧದ ಸುದ್ದಿ ಎರಡು ವಾಕ್ಯದಲ್ಲಿ ಹೇಳಿದರೆ ಸಾಕು. ಚಿತ್ರದುರ್ಗದ ಹೊರಗೆ ಹೈದರಾಲಿಯ ಇಡೀ ಸೈನ್ಯ ಇದ್ದರೂ ನಾವು ಹೇಳಿಕೊಂಡು ಬಂದಿರುವುದು ಒಂದು ಕಿಂಡಿ, ಒಂದು ಒನಕೆ, ಒಬ್ಬ ಓಬವ್ವನ ಕಥೆ.

ಗುಂಪು ನೇರವಾಗಿ ಮೈಮೇಲೆ ಬಿದ್ದರೆ? ಅದಕ್ಕೆ ಆಟ ನಡೆಸುವವರ ಪುಸ್ತಕವಾದ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಒಂದು ಕೋಷ್ಟಕ ಇದೆ, ಯಾಕೋ ಜಾಸ್ತಿ ಜನ ಅದನ್ನು ನೋಡುವುದೇ ಇಲ್ಲ. ನಿಮ್ಮ ಫೈಟರ್‌ನ, ಅಂದರೆ ಯೋಧ ಪಾತ್ರದ, ಆರ್ಮರ್ ಕ್ಲಾಸ್ (ಏಟು ತಾಗಲು ಮುಟ್ಟಬೇಕಾದ ಸಂಖ್ಯೆ) 18 ಅಂದುಕೊಳ್ಳಿ. ಗಾಬ್ಲಿನ್‌ಗೆ ದಾಳಿಯಲ್ಲಿ 4 ಸೇರುತ್ತದೆ, ಅಂದರೆ 20 ಮುಖದ ದಾಳದಲ್ಲಿ ಕನಿಷ್ಠ 14 ಬೀಳಬೇಕು. ಕೋಷ್ಟಕದ ಪ್ರಕಾರ ಆಗ ಮೂವರಲ್ಲಿ ಒಬ್ಬನ ಏಟು ತಾಗುತ್ತದೆ. 12 ಗಾಬ್ಲಿನ್ ಸುತ್ತುವರಿದರೆ 4 ಏಟು, ಏಟಿಗೆ ಸರಾಸರಿ 5 ಹಾನಿ, ಒಟ್ಟು 20. ದಾಳ ಮುಟ್ಟುವುದೇ ಬೇಡ. ಫೈಟರ್ ಮೋಟುಗೋಡೆಯ ಮರೆಗೆ ಸರಿದರೆ ಆರ್ಮರ್ ಕ್ಲಾಸ್ 20 ಆಗಿ ಏಟು ಮೂರಕ್ಕೆ ಇಳಿಯುತ್ತದೆ. ಇದೇ ನನಗೆ ಇಷ್ಟ, ಆಟಗಾರ ಬುದ್ಧಿ ಓಡಿಸಿದ್ದಕ್ಕೆ ಲೆಕ್ಕದಲ್ಲಿ ಬೆಲೆ ಸಿಗುತ್ತದೆ. ಸೇನಾಪತಿಯ ದಾಳವನ್ನು ಮಾತ್ರ ಎಲ್ಲರ ಕಣ್ಣೆದುರೇ ಉರುಳಿಸಿ, ಸ್ವಲ್ಪ ಎದೆ ಹೊಡೆದುಕೊಳ್ಳಲಿ.

ಗಾಬ್ಲಿನ್‌ಗಳ ಹಿಟ್ ಪಾಯಿಂಟ್, ಅಂದರೆ ಸಾಯುವ ಮುನ್ನ ಎಷ್ಟು ಹಾನಿ ತಡೆಯುತ್ತವೆ ಎಂಬ ಲೆಕ್ಕ, ಬರೆದುಕೊಳ್ಳುತ್ತಾ ಕೂರಬೇಡಿ. 2014ರ ನಿಯಮಗಳಲ್ಲಿ ಒಂದಕ್ಕೆ ಇರುವುದೇ 7. ಫೈರ್‌ಬಾಲ್ ಎಂಬ ಬೆಂಕಿಯ ಮಂತ್ರ ಸರಾಸರಿ 28 ಸುಡುತ್ತದೆ, ತಪ್ಪಿಸಿಕೊಂಡವಕ್ಕೂ ಅದರರ್ಧ 14. ಸತ್ತವು ಅಂತ ಹೇಳಿ ಮುಂದೆ ಹೋಗಿ. 2008ರ ನಾಲ್ಕನೇ ಆವೃತ್ತಿಯಲ್ಲಿ ಇಂಥ ಪುಡಿ ಸೈನಿಕರಿಗೆ ಒಂದೇ ಒಂದು ಹಿಟ್ ಪಾಯಿಂಟ್ ಕೊಟ್ಟಿದ್ದರು, ಆ ಆವೃತ್ತಿಯನ್ನು ಬೈಯುವವರೂ ಇದೊಂದನ್ನು ಕದಿಯುತ್ತಾರೆ.

ಸೈನ್ಯ ನಡೆಸುವುದೇ ಖುಷಿ ಅನ್ನುವ ಗುಂಪಾದರೆ ಬೇರೆ ಮಾತು. ಆ ದಿನ ಪಾತ್ರಗಳ ಹಾಳೆ ಬದಿಗಿಟ್ಟು ಯುದ್ಧದ ಆಟವನ್ನೇ ಆಡಿ. 1985ರಲ್ಲಿ, ಆಗ ಈ ಆಟ ಹೊರತರುತ್ತಿದ್ದ ಟಿಎಸ್‌ಆರ್ ಕಂಪನಿ, ಸೈನ್ಯಗಳ ಯುದ್ಧ ಆಡಿಸುವ ಬ್ಯಾಟಲ್‌ಸಿಸ್ಟಮ್ ಪೆಟ್ಟಿಗೆ ತಂದಿದ್ದು ಇಂಥವರಿಗೇ.