ಅಂಗಳದ ಹಗೇವು ಮತ್ತೆ ತುಂಬಿತು

ಫೆಬ್ರುವರಿ 9

ನಮ್ಮ ಅಂಗಳದ ಮೂಲೆಯಲ್ಲಿ ಒಂದು ಚಪ್ಪಡಿ ಕಲ್ಲಿದೆ. ನಾನು ಮದುವೆಯಾಗಿ ಬಂದ ದಿನದಿಂದ ಅದರ ಮೇಲೆ ಬಟ್ಟೆ ಒಗೆದಿದ್ದೇನೆ. ಅದರ ಕೆಳಗಿರುವುದು ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕಣಜ, ಎಂದು ಗೊತ್ತಿತ್ತು, ಆದರೆ ಮೂವತ್ತು ವರ್ಷಗಳಿಂದ ಯಾರೂ ತೆರೆದಿರಲಿಲ್ಲ. ಇಂದು ತೆರೆದೆವು.

ಯಾಕೆ ಎಂದು ಮೊದಲೇ ಬರೆದಿಡುತ್ತೇನೆ. ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ, ಕಪ್ಪತಗುಡ್ಡ ಕಾಣುವಷ್ಟು ಹತ್ತಿರದಲ್ಲಿ ನಮ್ಮ ಊರು. ನಾಲ್ಕು ಎಕರೆ ಎರೆ (ಕಪ್ಪು ಮಣ್ಣು), ಎರಡು ಎಕರೆ ಮಸಾರಿ (ಕೆಂಪು ಮಣ್ಣು), ಎರಡು ಎತ್ತು, ಒಂದು ಆಕಳು, ಒಂದು ಕರು, ಮನೆಯಲ್ಲಿ ಆರು ಜನ. ಮೂರು ವರ್ಷಗಳಿಂದ ನಮ್ಮ ಹಟ ಒಂದೇ: ಊಟಕ್ಕೆ ಬೇಕಾದದ್ದನ್ನು ಹೊಲದಿಂದಲೇ ತರಬೇಕು, ಅಂಗಡಿಯ ಚೀಟಿ ಚಿಕ್ಕದಾಗಬೇಕು. ಜೋಳ, ಕಡಲೆ, ಕುಸುಬೆ, ಶೇಂಗಾ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಲ್ಲವನ್ನೂ ಬೆಳೆದೆವು. ಆದರೂ ಕಳೆದ ಶ್ರಾವಣದಲ್ಲಿ ಪೇಟೆಯಿಂದ ಜೋಳ ಕೊಂಡು ತಂದೆವು. ಬೆಳೆ ಕಡಿಮೆಯಾಗಿರಲಿಲ್ಲ. ಚೀಲದಲ್ಲಿಟ್ಟ ಜೋಳಕ್ಕೆ ನುಸಿ ಬಿದ್ದು ಹಿಟ್ಟು ಕಹಿಯಾಗಿತ್ತು. ನಮಗೆ ಬೆಳೆಯಲು ಬರುತ್ತದೆ, ಕಾಯ್ದಿಡಲು ಬರುವುದಿಲ್ಲ ಎಂದು ಅಂದು ತಿಳಿಯಿತು. ಅತ್ತೆಯವರು ಚಪ್ಪಡಿಯ ಕಡೆಗೆ ಕೈ ತೋರಿಸಿ, "ಇದನ್ನು ಕಾಲಡಿ ಇಟ್ಟುಕೊಂಡು ಜೋಳ ಕೊಂಡು ತಂದೆವಲ್ಲ" ಎಂದಿದ್ದರು. ಆ ಮಾತು ಆರು ತಿಂಗಳಿಂದ ನನ್ನ ತಲೆಯಲ್ಲಿದೆ.

ಚಪ್ಪಡಿ ಸರಿಸಿದ ಕೂಡಲೇ ಇಣುಕಲು ಹೋದ ಮಗನನ್ನು ಓಣಿಯ ಕೊನೆಯ ಮನೆಯ ಮಾವ ರಟ್ಟೆ ಹಿಡಿದು ಎಳೆದರು. ಅವರಿಗೆ ಎಂಬತ್ತರ ಹತ್ತಿರ. ಹಗೇವಿಗೆ ಇಳಿದು ಗೊತ್ತಿರುವವರು ನಮ್ಮ ಓಣಿಯಲ್ಲಿ ಅವರೊಬ್ಬರೇ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತಳದಲ್ಲಿ ನಿಂತಿರುತ್ತದೆ, ಇಳಿದವನು ಕೂಗುವುದಕ್ಕೂ ಮೊದಲೇ ಬೀಳುತ್ತಾನೆ ಎಂದರು. ಇಡೀ ದಿನ ಬಾಯಿ ತೆರೆದಿಟ್ಟು, ಮಕ್ಕಳು ಬೀಳದಂತೆ ಜಾಲಿಯ ಮುಳ್ಳು ಹೊದಿಸಿದೆವು.

ಫೆಬ್ರುವರಿ 11

ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟೆವು. ತಳದವರೆಗೂ ಉರಿಯಿತು. ಆಮೇಲೆ ಮೈದುನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ, ಮೇಲೆ ಇಬ್ಬರು ಹಗ್ಗ ಹಿಡಿದಿದ್ದರು.

ಅಳತೆ ಹೀಗಿದೆ. ಬಾಯಿ ಎರಡು ಅಡಿ, ಹೊಟ್ಟೆ ಐದು ಅಡಿ, ಆಳ ಏಳು ಅಡಿಗಿಂತ ತುಸು ಹೆಚ್ಚು. ಆಕಾರ ಥೇಟ್ ಮಣ್ಣಿನ ಹರವಿಯಂತೆ. ತೋಡಿರುವುದು ಗರಸಿನಲ್ಲಿ, ಅಂದರೆ ಗಟ್ಟಿ ಕಲ್ಲುಮಣ್ಣಿನಲ್ಲಿ, ಅದೇ ನಮ್ಮ ಅದೃಷ್ಟ. ಎರೆ ಮಣ್ಣಾಗಿದ್ದರೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಗೋಡೆ ಎಂದೋ ಕುಸಿಯುತ್ತಿತ್ತು. ಒಳಗೆ ಎರಡು ಬುಟ್ಟಿ ಮಣ್ಣು, ಒಂದು ಮುರಿದ ಬಳೆ, ಕಪ್ಪಾದ ಹೊಟ್ಟು. ಬಳೆ ತನ್ನ ಅತ್ತೆಯದ್ದಿರಬೇಕು ಎಂದು ನಮ್ಮ ಅತ್ತೆ ಅದನ್ನು ತೊಳೆದು ಜಗುಲಿಯ ಮೇಲೆ ಇಟ್ಟಿದ್ದಾರೆ.

ಫೆಬ್ರುವರಿ 20

ಗೋಡೆಗೆ ಸೆಗಣಿ ಮತ್ತು ಜಿಗುಟು ಮಣ್ಣು ಕಲಸಿ ಎರಡು ಬಾರಿ ಮೆತ್ತಿದೆವು. ಒಣಗಿದ ಮೇಲೆ ಒಳಗೆ ಕುಳ್ಳು ಮತ್ತು ತೊಗರಿ ಕಟ್ಟಿಗೆ ಹಾಕಿ ಬೆಂಕಿ ಕೊಟ್ಟೆವು. ಗೋಡೆಯ ತೇವ ಹೋಗಬೇಕು, ಅದಕ್ಕಾಗಿ. ಎರಡು ದಿನ ಸಣ್ಣಗೆ ಹೊಗೆಯಾಡಿತು. ಬೂದಿಯನ್ನು ತೆಗೆದು ಚೀಲಕ್ಕೆ ತುಂಬಿಟ್ಟಿದ್ದೇನೆ, ಕಾಳುಗಳಿಗೆ ಬೆರೆಸಲು ಬೇಕು.

ಮಾರ್ಚ್ 1

ಜೋಳದ ರಾಶಿ ಮುಗಿಯಿತು. ಎರಡು ಎಕರೆಗೆ ನೂರು ಕಿಲೋದ ಹನ್ನೊಂದು ಚೀಲ, ಎಲ್ಲವೂ ಮಾಲದಂಡಿ ತಳಿ. ಕಣಿಕೆಯ (ಜೋಳದ ದಂಟಿನ) ಬಣವೆ ಕಳೆದ ವರ್ಷಕ್ಕಿಂತ ದೊಡ್ಡದಾಗಿದೆ.

ನಮ್ಮ ಮನೆಗೆ ದಿನಕ್ಕೆ ಎರಡು ಕಿಲೋ ಹಿಟ್ಟು ಬೇಕು. ವರ್ಷಕ್ಕೆ ಏಳು ಚೀಲ ಮತ್ತು ಮೇಲೆ ಮೂವತ್ತು ಕಿಲೋ. ಬೀಗರು, ಹಬ್ಬ, ಜಾತ್ರೆ ಸೇರಿಸಿ ಎಂಟು ಚೀಲ ಎತ್ತಿಟ್ಟೆವು. ಉಳಿದ ಮೂರರಲ್ಲಿ ಊರ ಕೆಲಸ ಮಾಡುವ ಆಯಗಾರರಿಗೆ ಕೊಟ್ಟು ಮಿಕ್ಕದ್ದನ್ನು ಮಾರಿದೆವು.

ಇಲ್ಲೊಂದು ತೊಡಕು ಎದುರಾಯಿತು, ಅದನ್ನು ನಾನು ಮೊದಲು ಯೋಚಿಸಿರಲಿಲ್ಲ. ಹಗೇವು ಹಿಡಿಯುವುದು ಇಪ್ಪತ್ತು ಚೀಲ. ಅದರಲ್ಲಿ ನಮ್ಮ ಕೆಲವು ಚೀಲ ಹಾಕಿ ಮುಚ್ಚಿದರೆ ಏನೂ ಪ್ರಯೋಜನವಿಲ್ಲ. ಹಗೇವು ಕೆಲಸ ಮಾಡುವುದೇ ಉಸಿರು ಕಟ್ಟಿಸಿ. ಕಾಳೂ ಉಸಿರಾಡುತ್ತದೆ, ಕಾಳಿನಲ್ಲಿರುವ ಹುಳುವೂ ಉಸಿರಾಡುತ್ತದೆ. ಬಾಯಿ ಮುಚ್ಚಿದ ಮೇಲೆ ಒಳಗಿನ ಆಮ್ಲಜನಕ ಕರಗುತ್ತ ಹೋಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಸಾಯುತ್ತದೆ. ಔಷಧಿಯ ಗುಳಿಗೆ ಬೇಕಾಗಿಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದರೆ ಹುಳುವಿಗೆ ತಿಂಗಳುಗಟ್ಟಲೆ ಸಾಕಾಗುವಷ್ಟು ಗಾಳಿ ಒಳಗೇ ಉಳಿಯುತ್ತದೆ. ತಿಂಗಳಿಗೊಮ್ಮೆ ತೆರೆದು ಒಂದು ಚೀಲ ತೆಗೆಯುವಂತೆಯೂ ಇಲ್ಲ, ತೆರೆದಾಗಲೆಲ್ಲ ಹೊಸ ಗಾಳಿ ಒಳಗೆ ಹೋಗುತ್ತದೆ.

ಹಾಗಾಗಿ ಓಣಿಯ ಮೂರು ಮನೆಗಳಿಗೆ ಹೋಗಿ ಕೇಳಿದೆವು. ಒಬ್ಬರು ಕೂಡಲೇ ಒಪ್ಪಿದರು. ಇನ್ನೊಂದು ಮನೆಯ ಅಕ್ಕ, "ಜೋಳ ಕೆಟ್ಟರೆ ಯಾರ ಹೊಣೆ?" ಎಂದು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಮೇಲಿನ ಪದರ, ಗೋಡೆಯ ಪದರ ಯಾರ ಪಾಲಿಗೂ ಹೋಗುವುದಿಲ್ಲ, ಕೆಟ್ಟದ್ದು ನಾಲ್ಕೂ ಮನೆಗೆ ಚೀಲದ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ ಎಂದು ಮಾತಾಡಿಕೊಂಡು ಹಾಳೆಯ ಮೇಲೆ ಬರೆದೆವು. ನಮ್ಮದು ನಾಲ್ಕು ಚೀಲ, ಉಳಿದವರದು ಆರು, ಐದು, ಐದು. ಇಪ್ಪತ್ತು ಭರ್ತಿಯಾಯಿತು. ನಮ್ಮ ಮಿಕ್ಕ ನಾಲ್ಕು ಚೀಲ ತಗಡಿನ ಡ್ರಮ್ಮಿನಲ್ಲಿ. ದಿನಕ್ಕೆ ಎರಡು ಕಿಲೋದಂತೆ ಇನ್ನೂರು ದಿನ ಬರುತ್ತದೆ, ಅಂದರೆ ಮಹಾನವಮಿ ಅಮಾವಾಸ್ಯೆಯ ಹೊತ್ತಿಗೆ ಹಗೇವು ತೆರೆದರೆ ಸಾಕು.

ಮಾರ್ಚ್ 5

ತುಂಬಿದೆವು. ಅದಕ್ಕೂ ಮೊದಲು ಮೂರು ದಿನ ಕಣದಲ್ಲಿ ಒಣಗಿಸಿದ್ದೆವು. ಹಲ್ಲಿಗೆ ಹಾಕಿದರೆ ಕಟಕ್ ಎಂದು ಒಡೆಯಬೇಕು. ಜೊತೆಗೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ: ಒಣ ಗಾಜಿನ ಬಾಟಲಿಗೆ ಒಂದು ಹಿಡಿ ಜೋಳ, ಎರಡು ಚಮಚ ಹುರಿದ ಪುಡಿಯುಪ್ಪು ಹಾಕಿ ಅಲುಗಾಡಿಸಿ ಹತ್ತು ನಿಮಿಷ ಬಿಡಬೇಕು. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ತೇವ ಹೆಚ್ಚಿದೆ ಎಂದರ್ಥ. ಆರು ಚೀಲದ ಮನೆಯವರ ಜೋಳದಲ್ಲಿ ಉಪ್ಪು ಅಂಟಿತು. ಅವರು ಬೇಸರಪಡದೆ ಮತ್ತೆ ಎರಡು ದಿನ ಬಿಸಿಲಿಗೆ ಹಾಕಿದರು.

ತಳಕ್ಕೆ ಒಂದು ಗೇಣು ಹೊಟ್ಟು. ಗೋಡೆಗೆ ಸುತ್ತಲೂ ಭತ್ತದ ಹುಲ್ಲಿನ ಹಗ್ಗ. ಹುಲ್ಲನ್ನು ಹಾನಗಲ್ ಕಡೆಯಿಂದ ತರಿಸಿದೆವು, ಇಡೀ ಕೆಲಸದಲ್ಲಿ ಹಣ ಕೊಟ್ಟು ಕೊಂಡದ್ದು ಅದೊಂದೇ. ಜೋಳ ಸುರಿಯುತ್ತ ಹೋದಂತೆ ಒಬ್ಬರು ಹಗ್ಗವನ್ನು ಸುರುಳಿ ಸುತ್ತುತ್ತ ಮೇಲೆ ಬರಬೇಕು. ಕೊನೆಗೆ ಮೇಲೆ ಮತ್ತೆ ಹೊಟ್ಟು, ಚಪ್ಪಡಿ, ಸಂದಿಗೆ ಸೆಗಣಿ ಮಣ್ಣು, ಅದರ ಮೇಲೆ ಮೊಣಕಾಲೆತ್ತರದ ಮಣ್ಣಿನ ದಿಬ್ಬ. ಅತ್ತೆ ದಿಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದರು. ಇನ್ನು ನಾನು ಬಟ್ಟೆ ಒಗೆಯಲು ಬೇರೆ ಕಲ್ಲು ಹುಡುಕಬೇಕು.

ಬೀಜದ ಜೋಳವನ್ನು ಹಗೇವಿಗೆ ಹಾಕಬಾರದು ಎಂದು ಮಾವ ಮೂರು ಸಲ ಹೇಳಿದರು. ಹೊಲದಲ್ಲೇ ಆರಿಸಿದ ಅರವತ್ತು ದೊಡ್ಡ ತೆನೆಗಳನ್ನು ಒಲೆಯ ಮೇಲಿನ ಜಂತಿಗೆ ಕಟ್ಟಿ ತೂಗುಹಾಕಿದ್ದೇನೆ. ದಿನವೂ ಹೊಗೆ ತಾಗಲಿ.

ಮಾರ್ಚ್ 28

ಕುಸುಬೆಯ ವಿಷಯ. ಜೋಳದ ಸುತ್ತ ಬೇಲಿಯಂತೆ ಹಾಕಿದ್ದ ಸಾಲುಗಳು ಮತ್ತು ಅರ್ಧ ಎಕರೆ ಸೇರಿ 180 ಕಿಲೋ ಬಂತು. ಮುಳ್ಳಿನ ಬೆಳೆಯಾದ್ದರಿಂದ ದನ ಹತ್ತಿರ ಬರುವುದಿಲ್ಲ, ಕೀಳುವವರಿಗೂ ಅದು ಬಿಡುವುದಿಲ್ಲ. ಇಬ್ಬನಿಗೆ ಮುಳ್ಳು ಮೆತ್ತಗಿರುವ ನಸುಕಿನಲ್ಲಿಯೇ, ಕೈಗೆ ಬಟ್ಟೆ ಸುತ್ತಿಕೊಂಡು ಕಿತ್ತೆವು.

ಕಳೆದ ವರ್ಷ ಎಲ್ಲವನ್ನೂ ಒಂದೇ ಸಲ ಗಾಣಕ್ಕೆ ಒಯ್ದು ಎಣ್ಣೆ ಮಾಡಿಸಿದ್ದೆ. ಎಂಟನೇ ತಿಂಗಳಿಗೆ ಕಮಟು ವಾಸನೆ ಬಂದು ಕೊನೆಯ ಡಬ್ಬಿಯನ್ನು ದೀಪಕ್ಕೆ ಬಳಸಬೇಕಾಯಿತು. ಎಣ್ಣೆ ಕೆಡುತ್ತದೆ, ಕಾಳು ಕೆಡುವುದಿಲ್ಲ. ಈ ವರ್ಷ 60 ಕಿಲೋದಂತೆ ಮೂರು ಸಲ ಒಯ್ಯುತ್ತೇನೆ. ಮೊದಲ ಸಲಕ್ಕೆ 15 ಲೀಟರ್ ಎಣ್ಣೆ ಸಿಕ್ಕಿತು. ಹಿಂಡಿಯನ್ನು ಮನೆಗೆ ತಂದೆ, ಅದು ಆಕಳಿನ ಪಾಲು.

ಮೇ 4

ಹಪ್ಪಳ, ಸಂಡಿಗೆ, ಶಾವಿಗೆ, ಚವಳಿಕಾಯಿ ಬಾಳಕ. ಮಾಳಿಗೆಯ ಮೇಲೆ ಕಾಲಿಡಲು ಜಾಗವಿಲ್ಲ. ಮಗಳು ಹಕ್ಕಿ ಕಾಯುತ್ತ ಅಲ್ಲಿಯೇ ಪುಸ್ತಕ ಓದುತ್ತಾಳೆ. ಅತ್ತೆ ನೆರಳಲ್ಲಿ ಕುಳಿತು ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಾರೆ, ಮೂರನೆಯದು.

ಜೂನ್ 17

ಕಡಲೆ ಹಾಳಾಯಿತು. ಬರೆಯಲು ಸಂಕಟವಾಗುತ್ತದೆ. ಅಣ್ಣಿಗೇರಿ ಕಡಲೆ, ಒಂದು ಚೀಲ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು ಮುಚ್ಚಿದ್ದೆ. ಇಂದು ತೆಗೆದರೆ ಅರ್ಧದಷ್ಟು ಕಾಳಿನಲ್ಲಿ ದುಂಡಗಿನ ತೂತು, ಕೈ ಹಾಕಿದರೆ ಬೆಚ್ಚಗೆ, ಗೋಡೆಯ ಮೇಲೆಲ್ಲ ಕಂದು ಬಣ್ಣದ ಸಣ್ಣ ಹುಳು. ಹೆಣ್ಣು ಹುಳು ಕಾಳಿನ ಸಿಪ್ಪೆಯ ಮೇಲೆ ಮೊಟ್ಟೆ ಅಂಟಿಸುತ್ತದೆ, ಮರಿ ಒಳಗೆ ಕೊರೆದು ಬೆಳೆಯುತ್ತದೆ. ಡ್ರಮ್ಮಿಗೆ ಹಾಕುವಾಗಲೇ ಮೊಟ್ಟೆಗಳು ಇದ್ದಿರಬೇಕು. ಜೋಳದ ಗಡಿಬಿಡಿಯಲ್ಲಿ ಕಡಲೆಗೆ ಒಂದೇ ಬಿಸಿಲು ತೋರಿಸಿದ್ದೆ.

ನಲವತ್ತು ಕಿಲೋ ದನಗಳಿಗೆ ಹೋಯಿತು. ಉಳಿದದ್ದರಲ್ಲಿ ಹೆಚ್ಚಿನದನ್ನು ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು ಬೇಳೆ ಮಾಡಿದೆವು. ಈ ಹುಳು ಬೇಳೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಹತ್ತು ಕಿಲೋ ಇಡಿ ಕಾಳಿಗೆ ಕಿಲೋಗೆ ಒಂದು ಚಮಚ, ಅಂದರೆ 5 ಮಿಲಿ ಕುಸುಬೆ ಎಣ್ಣೆ ಸವರಿದೆ. ಎಣ್ಣೆ ಸವರಿದ ಕಾಳಿನ ಮೇಲೆ ಮೊಟ್ಟೆ ನಿಲ್ಲುವುದಿಲ್ಲ. ಮಡಕೆ ಕಾಳು, ಅಲಸಂದೆಗೆ ಫೆಬ್ರುವರಿಯ ಬೂದಿ ಬೆರೆಸಿಟ್ಟಿದ್ದೆ, ಅವು ಚೆನ್ನಾಗಿವೆ.

ಜುಲೈ 29

ಪಂಚಮಿ. ಡ್ರಮ್ಮಿನ ಜೋಳದಿಂದಲೇ ಅಳ್ಳು ಹುರಿದು ಅಳ್ಳಿಟ್ಟು ಮಾಡಿದೆವು. ಶೇಂಗಾ ಉಂಡಿಗೆ ಬೆಲ್ಲ ಮಾತ್ರ ಅಂಗಡಿಯದು.

ಆಗಸ್ಟ್ 14

ಮೂರು ದಿನಗಳಿಂದ ಬಿಡದ ಮಳೆ. ಅಂಗಳದಲ್ಲಿ ನೀರು ನಿಂತಿದೆ. ರಾತ್ರಿ ಎರಡು ಗಂಟೆಗೆ ನಾನೂ ಮನೆಯವರೂ ಬ್ಯಾಟರಿ ಹಿಡಿದು ಹೊರಗೆ ಹೋಗಿ ದಿಬ್ಬಕ್ಕೆ ಇನ್ನಷ್ಟು ಗರಸು ಹಾಕಿ, ತಾಡಪತ್ರಿ ಹೊದಿಸಿ, ಸುತ್ತಲೂ ಕಾಲುವೆ ತೋಡಿ ನೀರನ್ನು ಓಣಿಗೆ ಹರಿಸಿದೆವು. ನಮ್ಮ ನಾಲ್ಕು ಚೀಲದ ಚಿಂತೆಗಿಂತ ಬೇರೆ ಮನೆಗಳ ಹದಿನಾರು ಚೀಲದ ಚಿಂತೆಯೇ ನಿದ್ದೆ ಕೆಡಿಸಿದೆ. ತೆರೆದು ನೋಡುವಂತಿಲ್ಲ. ಬೆಳಗ್ಗೆ "ಜೋಳ ಕೆಟ್ಟರೆ" ಎಂದು ಕೇಳಿದ್ದ ಅಕ್ಕ ತಾವೇ ಸಲಿಕೆ ತಂದು ಕಾಲುವೆ ಆಳ ಮಾಡಿದರು.

ಸೆಪ್ಟೆಂಬರ್ 20

ತೆರೆದೆವು. ಕಂದೀಲು ಬಾಯಿಯಲ್ಲಿಯೇ, ಕಾಳಿಗೆ ತಾಗುವ ಮೊದಲೇ, ಬತ್ತಿ ಹಿಂಡಿದಂತೆ ಆರಿತು. ಎಲ್ಲರೂ ಸುಮ್ಮನಾದರು. ಒಳಗೆ ಗಾಳಿ ಸತ್ತಿದೆ ಎಂದರೆ ಮೊಹರು ಉಳಿದಿದೆ ಎಂದೇ ಅರ್ಥ. ಮಾವ ಮೀಸೆ ಸವರಿಕೊಂಡು, "ತಂಗಿ, ನಾಳೆ ಸಂಜೆಯವರೆಗೆ ಯಾರೂ ಹತ್ತಿರ ಹೋಗಬಾರದು" ಎಂದರು.

ಸೆಪ್ಟೆಂಬರ್ 22

ಸಂಜೆ ದೀಪ ಉರಿಯಿತಾದರೂ ಇನ್ನೊಂದು ರಾತ್ರಿ ಕಾದು ಇಂದು ಬೆಳಗ್ಗೆ ಇಳಿದೆವು. ಬಾಯಿಯ ಕೆಳಗೆ ಅಂಗೈ ದಪ್ಪದಷ್ಟು ಜೋಳ ಗಡ್ಡೆ ಕಟ್ಟಿತ್ತು. ಮಳೆಯ ದಿಕ್ಕಿನ ಗೋಡೆಗೆ ತಾಗಿದ್ದ ಕಾಳು ಕಂದಿತ್ತು. ಎಲ್ಲ ಸೇರಿ 70 ಕಿಲೋ ಬೇರೆ ತೆಗೆದೆವು. ಬೂಸಲು ಹಿಡಿದದ್ದನ್ನು ದನಕ್ಕೂ ಹಾಕದೆ ತಿಪ್ಪೆಗೆ ಹಾಕಿದೆವು. ಉಳಿದದ್ದು ಹತ್ತೊಂಬತ್ತು ಚೀಲಕ್ಕಿಂತ ಮೇಲೆ. ಜರಡಿಯಲ್ಲಿ ಸತ್ತ ನುಸಿ ಬಿದ್ದವು, ಜೀವಂತ ನುಸಿ ಒಂದೂ ಕಾಣಲಿಲ್ಲ. ಹಾಳೆಯಲ್ಲಿ ಬರೆದಂತೆ ಹಂಚಿಕೊಂಡೆವು, ಯಾರೂ ತಕರಾರು ಮಾಡಲಿಲ್ಲ.

ಹಗೇವಿನ ಜೋಳಕ್ಕೆ ಒಂದು ವಾಸನೆ ಇರುತ್ತದೆ, ಹುಳಿ ಮತ್ತು ಮಣ್ಣು ಬೆರೆತಂಥದ್ದು. ಎರಡು ಬಿಸಿಲು ಕಂಡರೆ ಬಹುಪಾಲು ಹೋಗುತ್ತದೆ. ಮಕ್ಕಳು ಮೊದಲ ರೊಟ್ಟಿಗೆ ಮೂಗು ಮುರಿದರು. ಅತ್ತೆ ಮಾತ್ರ ರೊಟ್ಟಿಯನ್ನು ಮುರಿದು ಮೂಗಿನ ಹತ್ತಿರ ಹಿಡಿದು ತುಂಬ ಹೊತ್ತು ಕುಳಿತಿದ್ದರು. ಆಮೇಲೆ ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು ಎರಡು ರೊಟ್ಟಿ ಉಂಡರು. ಅವರು ಸಾಮಾನ್ಯವಾಗಿ ಒಂದೇ ಉಣ್ಣುವುದು.

ಅಕ್ಟೋಬರ್ 3

ಬೀಜದ ಪರೀಕ್ಷೆ. ಹಗೇವಿನ ನೂರು ಕಾಳು, ಜಂತಿಯ ತೆನೆಯ ನೂರು ಕಾಳು, ಎರಡನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಐದನೇ ದಿನಕ್ಕೆ ಹಗೇವಿನದು 37 ಮೊಳೆತಿದೆ, ಜಂತಿಯದು 93. ಮಾವ ಮೂರು ಸಲ ಹೇಳಿದ್ದು ಇದಕ್ಕೇ. ಎಕರೆಗೆ ಮೂರು ಕಿಲೋದಂತೆ ಬೇಕಾದ ಆರು ಕಿಲೋವನ್ನು ಹೊಗೆ ಹಿಡಿದ ಆ ತೆನೆಗಳನ್ನೇ ಬಡಿದು ತೆಗೆದೆವು, ಸೀಗೆ ಹುಣ್ಣಿಮೆಗೆ ಮೊದಲೇ ಕೂರಿಗೆ ಹೂಡಬೇಕು.

ಅಂಗಡಿಯ ಚೀಟಿಯಲ್ಲಿ ಈ ತಿಂಗಳು ಉಳಿದದ್ದು: ಉಪ್ಪು, ಬೆಲ್ಲ, ಸಕ್ಕರೆ, ಚಹಾಪುಡಿ, ಅಕ್ಕಿ, ಸಾಬೂನು, ಬೆಂಕಿಪೆಟ್ಟಿಗೆ, ಮತ್ತು ಕಡಲೆಬೇಳೆ ಎರಡು ಕಿಲೋ. ಕಡಲೆಬೇಳೆಯನ್ನು ಬರೆಯುವಾಗ ಕೈ ನಿಂತಿತು. ಮುಂದಿನ ವರ್ಷ ಅದಕ್ಕೆ ನಾಲ್ಕು ಬಿಸಿಲು.

ಐದು ಚೀಲದ ಮನೆಯವರು ನಿನ್ನೆ ಬಂದು, ತಮ್ಮ ದನದ ಕೊಟ್ಟಿಗೆಯ ಕೆಳಗೂ ಒಂದು ಹಗೇವಿದೆ, ತಮ್ಮ ಅಜ್ಜ ಹೇಳುತ್ತಿದ್ದರು ಎಂದರು. ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಅಂದು ನಾಲ್ಕೂ ಮನೆಯವರು ಸೇರಿ ಹುಡುಕುತ್ತೇವೆ. ಕಂದೀಲಿಗೆ ಎಣ್ಣೆ ಹಾಕಿಟ್ಟಿದ್ದೇನೆ.