ದತ್ತಕಾರ್ಯಕ್ಕೆ ಮೀಸಲಿದ್ದ ತರಗತಿ

ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ ಓದುವಾಗ ನಮಗೆ ಕನ್ನಡ ಭಾಷಾ ಬೋಧನೆ ಕಲಿಸಿದ ಮೇಡಂ, ದತ್ತಕಾರ್ಯ (ಅಸೈನ್‌ಮೆಂಟ್) ಕೊಡುವ ದಿನ ಬೇರೆ ಪಾಠವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಇಡೀ ಅವಧಿ ಅದಕ್ಕೇ ಮೀಸಲು. ಅಲ್ಲಿಯವರೆಗೆ ನಮಗಿದ್ದ ರೂಢಿ ಎಂದರೆ ಬೋರ್ಡಿನ ಮೇಲಿನ ವಿಷಯ ಬರೆದುಕೊಳ್ಳುವುದು, ಕೊನೆಯ ದಿನಾಂಕ ಕೇಳುವುದು, ಹಿಂದಿನ ಬ್ಯಾಚಿನವರ ಪುಸ್ತಕಕ್ಕಾಗಿ ಹುಡುಕಾಡುವುದು.

ಆ ಸಲದ ವಿಷಯ, ಒಂದನೇ ತರಗತಿಯ ಒಂದು ಮಗುವಿನ ಓದನ್ನು ಗಮನಿಸಿ ವರದಿ ಬರೆಯುವುದು. ಎಷ್ಟು ಪುಟ ಬರೆಯಬೇಕು ಎಂದು ಯಾರೋ ಕೇಳಿದರು. ಮೇಡಂ ಉತ್ತರಿಸದೆ, ಹೆಸರು ಮರೆಮಾಡಿದ ಎರಡು ಹಳೆಯ ವರದಿಗಳನ್ನು ನಮ್ಮ ಕೈಗಿತ್ತು, "ನೀವೇ ಅಂಕ ಕೊಡಿ" ಎಂದರು. ಒಂದಕ್ಕೆ ಚಂದದ ಮುಖಪುಟ, ದುಂಡಾದ ಅಕ್ಷರ. ಒಳಗಿದ್ದದ್ದು "ಮಗು ಓದಿನಲ್ಲಿ ಹಿಂದುಳಿದಿದೆ, ಪೋಷಕರು ಗಮನ ಕೊಡಬೇಕು" ಎಂಬ ಧಾಟಿಯ ಮಾತು. ಇನ್ನೊಂದು ತೀರಾ ಚಿಕ್ಕದು. ಮಗು 'ಗರಗಸ'ವನ್ನು 'ಗರಸ' ಎಂದು ಓದಿತು, ಬೆರಳಿಟ್ಟು ಓದು ಎಂದಾಗ ತಾನೇ ಸರಿಪಡಿಸಿಕೊಂಡಿತು. 'ಅಕ್ಕ' ಎಂಬಲ್ಲಿ ಒತ್ತು ಬಿಟ್ಟು 'ಅಕ' ಎಂದಿತು, ಪಕ್ಕದ ಚಿತ್ರ ನೋಡಿ 'ಅಕ್ಕ' ಎಂದಿತು. ಇಷ್ಟು ಓದಿದ ಮೇಲೆ ಆ ಮಗುವಿಗೆ ನಾಳೆ ಏನು ಕಲಿಸಬೇಕೆಂದು ನಮಗೆಲ್ಲರಿಗೂ ಹೊಳೆಯಿತು. ಮೊದಲನೆಯದರಿಂದ ಏನೂ ಹೊಳೆದಿರಲಿಲ್ಲ.

ನಮ್ಮ ಚರ್ಚೆಯಿಂದಲೇ ಮಾನದಂಡಗಳನ್ನು ಹೆಕ್ಕಿ ಮೇಡಂ ಬೋರ್ಡಿನ ಮೇಲೆ ಬರೆದರು. ಮಗು ಓದಿದ್ದು ಓದಿದಂತೆಯೇ ಎಡಪುಟದಲ್ಲಿ, ಅದರಿಂದ ನಮಗೆ ತಿಳಿದದ್ದು ಬಲಪುಟದಲ್ಲಿ, ಮುಂದೆ ಮಾಡಿಸುವ ಚಟುವಟಿಕೆ ಕೊನೆಯಲ್ಲಿ. ಯಾವುದಕ್ಕೆ ಎಷ್ಟು ಅಂಕ ಎಂಬುದೂ ಎದುರಿಗೇ ಇತ್ತು. ಮುಖಪುಟಕ್ಕೆ ಅಂಕವಿಲ್ಲ.

ಆಮೇಲೂ ಅನುಮಾನಗಳು ಬರುತ್ತಲೇ ಇದ್ದವು. ಮಗು 'ಹಸು'ವನ್ನು 'ಅಸು' ಎಂದು ಓದಿದರೆ ತಪ್ಪೆಂದು ಬರೆಯಬೇಕೇ ಎಂದು ಗೆಳತಿಯೊಬ್ಬಳು ಕೇಳಿದಳು. ಮನೆಯಲ್ಲಿ ಆಡುವ ಮಾತು ಹಾಗಿದ್ದರೆ ಮಗು ಅಕ್ಷರ ಗುರುತಿಸಿದೆ ಎಂದೇ ಅರ್ಥ, ಓದಿದಂತೆ ಬರೆದುಕೊಳ್ಳಿ, ತಪ್ಪುಗಳ ಪಟ್ಟಿಗೆ ಸೇರಿಸಬೇಡಿ ಎಂದರು ಮೇಡಂ. ಆ ಪ್ರಶ್ನೋತ್ತರವನ್ನು ಅಂದೇ ಸೂಚನಾ ಫಲಕಕ್ಕೆ ಹಾಕಿದರು. ಹಾಸ್ಟೆಲಿನವರು ಸಂಜೆ ಅವರ ಕೊಠಡಿಗೆ ಹೋಗಿ ಕೇಳಬಹುದಿತ್ತು. ಹಳ್ಳಿಯ ಬಸ್ ಹಿಡಿಯಲು ಓಡುತ್ತಿದ್ದ ನನ್ನಂಥವರಿಗೆ ಆ ಫಲಕವೇ ಆಧಾರ. ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ತಲುಪಬೇಕೆಂಬ ಅವರ ಈ ನಿಷ್ಠೆಯನ್ನು ನಾನು ಇಂದಿಗೂ ಬಹಳ ದೊಡ್ಡದೆಂದು ಎಣಿಸುತ್ತೇನೆ.

ಅವರು ನಲಿ-ಕಲಿಯ ಉದಾಹರಣೆಯನ್ನು ಪದೇಪದೇ ತರುತ್ತಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿದ, ಚಿಕ್ಕ ತರಗತಿಯ ಮಕ್ಕಳು ಗುಂಪುಗಳಲ್ಲಿ ಕಾರ್ಡ್‌ಗಳ ಮೂಲಕ ಕಲಿಯುವ ಪದ್ಧತಿ ಅದು. ಅಲ್ಲಿ ವರ್ಣಮಾಲೆ 'ಅ ಆ ಇ ಈ' ಕ್ರಮದಲ್ಲಿ ಬರುವುದಿಲ್ಲ. 'ರ ಗ ಸ ದ ಅ' ಕಲಿತ ಮಗು ಕೂಡಲೇ 'ಸರ', 'ಅರಸ', 'ಅಗಸ' ಎಂದು ಪದಗಳನ್ನೇ ಓದುತ್ತದೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನೆಲ್ಲಿದ್ದೇನೆ, ಮುಂದಿನ ಕಾರ್ಡ್ ಯಾವುದು ಎಂದು ತಾನೇ ನೋಡಿಕೊಳ್ಳುತ್ತದೆ. "ಆರು ವರ್ಷದ ಮಗುವಿಗೆ ತೋರಿಸುವುದನ್ನು ಶಿಕ್ಷಕರಾಗುವ ನಿಮಗೆ ಮುಚ್ಚಿಡುವುದು ನ್ಯಾಯವೇ?" ಎಂದು ಮೇಡಂ ಕೇಳುತ್ತಿದ್ದರು.

ಈಗ ನಾನೂ ನಲಿ-ಕಲಿ ತರಗತಿಯ ಶಿಕ್ಷಕಿ. ಬೋಧನಾಭ್ಯಾಸಕ್ಕೆ ಬರುವ ಪ್ರಶಿಕ್ಷಣಾರ್ಥಿಗಳು ಎಷ್ಟೋ ಸಲ "ಮಗುವಿನ ಓದನ್ನು ಗಮನಿಸಿ" ಎಂಬ ಒಂದೇ ಸಾಲಿನ ಸೂಚನೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಅವರನ್ನು ಮಕ್ಕಳ 'ತಟ್ಟೆ'ಯ, ಅಂದರೆ ನಲಿ-ಕಲಿಯ ಕಲಿಕಾ ಗುಂಪಿನ, ಪಕ್ಕ ಕೂರಿಸಿ ಎಡಪುಟ, ಬಲಪುಟದ ಕ್ರಮ ಹೇಳಿಕೊಡುತ್ತೇನೆ. ನಮ್ಮ ಕಾಲೇಜಿನ ಈಗಿನ ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ: ದತ್ತಕಾರ್ಯ ಕೊಡುವ ದಿನ ಆ ಒಂದು ಅವಧಿಯನ್ನು ದಯವಿಟ್ಟು ಉಳಿಸಿಕೊಳ್ಳಿ.